ಬ್ರಾಡ್‌ವೇ: ಪದಕವೂ ಪ್ರಯೋಗವೂ

ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಯ ಚರಿತ್ರೆಯನ್ನು ಓದುವಾಗಲೆಲ್ಲ ನನ್ನನ್ನೊಂದು ಬೇಸರ ಕಾಡುತ್ತದೆ. ಟಿಕೀಟಿನ ಬೆಲೆ ಏರಿದಂತೆಲ್ಲ ಅಲ್ಲಿ ಹೊಸತನ್ನು ಆಡುವ ಧೈರ್ಯ ಇಳಿಯುತ್ತ ಬಂದಿದೆ. ಅಲ್ಲಿನ ಪ್ರಶಸ್ತಿಯ ಕಥೆಯನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ.

ನಟಿಯೂ ನಿರ್ದೇಶಕಿಯೂ ಆಗಿದ್ದ ಆಂಟನೆಟ್ ಪೆರಿ 1946ರಲ್ಲಿ ತೀರಿಕೊಂಡರು. ಅವರ ನೆನಪಿಗಾಗಿ 1947ರ ಏಪ್ರಿಲಿನಲ್ಲಿ ಮೊದಲ ಟೋನಿ ಪ್ರಶಸ್ತಿಗಳನ್ನು ಕೊಡಲಾಯಿತು. ಗೆದ್ದವರಿಗೆ ದೊರೆತದ್ದು ಒಂದು ಪ್ರಶಸ್ತಿಪತ್ರ. ಜೊತೆಗೆ ಗಂಡಸರಿಗೆ ಸಿಗರೇಟ್ ಲೈಟರು, ಹೆಂಗಸರಿಗೆ ಪೌಡರ್ ಡಬ್ಬಿ. ಪದಕ ಬಂದದ್ದು 1949ರಲ್ಲಿ. ರಂಗಬಂಧುಗಳ ಕೂಟದಂತಿದ್ದ ಈ ಸಮಾರಂಭ 1967ರಲ್ಲಿ ದೇಶವ್ಯಾಪಿ ಟೆಲಿವಿಷನ್ ಪ್ರಸಾರಕ್ಕೆ ಒಳಗಾಯಿತು. ಅಂದಿನಿಂದ ಅದು ಸನ್ಮಾನವೂ ಹೌದು, ಜಾಹೀರಾತೂ ಹೌದು. ಸ್ಪರ್ಧೆಯ ನಿಯಮವೂ ಗಮನಾರ್ಹ: ಮ್ಯಾನ್‌ಹಟನ್ನಿನಲ್ಲಿ 500 ಅಥವಾ ಅದಕ್ಕೂ ಹೆಚ್ಚು ಆಸನಗಳುಳ್ಳ, ಗೊತ್ತುಪಡಿಸಿದ ರಂಗಮಂದಿರಗಳ ಪ್ರಯೋಗಗಳು ಮಾತ್ರ ಅದಕ್ಕೆ ಅರ್ಹ. ನಾಟಕದ ಗುಣಕ್ಕೆ ಮುನ್ನ ಮಂದಿರದ ಗಾತ್ರವನ್ನು ಅಳೆಯುವುದು ಯಾವ ನ್ಯಾಯ?

ದೊಡ್ಡ ಮಂದಿರಕ್ಕೆ ದೊಡ್ಡ ಬಂಡವಾಳ ಬೇಕು. ಬಂಡವಾಳ ಪರಿಚಿತವಾದುದನ್ನೇ ಅರಸುತ್ತದೆ. 1967ರ ಚಲನಚಿತ್ರವೊಂದನ್ನು ಆಧರಿಸಿದ 'ದಿ ಪ್ರೊಡ್ಯೂಸರ್ಸ್' 2001ರಲ್ಲಿ 12 ಟೋನಿಗಳನ್ನು ಗೆದ್ದು ದಾಖಲೆ ಸ್ಥಾಪಿಸಿತು. ನಾಟಕದ ಹೆಸರಿನಲ್ಲಿ ಹಣ ನುಂಗಹೊರಟ ನಿರ್ಮಾಪಕರನ್ನು ಗೇಲಿಮಾಡುವ ಆ ಕೃತಿಯ ಮೇಲ್ದರ್ಜೆಯ ಆಸನಕ್ಕೆ ಅದೇ ವರ್ಷ ಬೆಲೆ 480 ಡಾಲರು! ಹಳೆಯ ಕಥೆಯನ್ನು ಎತ್ತಿಕೊಂಡ ಮಾತ್ರಕ್ಕೆ ಕೃತಿ ಕೀಳಾಗದು. ನಮ್ಮ ಕವಿಗಳೂ ಭಾರತವನ್ನು ಮರಳಿ ಮರಳಿ ಹೇಳಿದವರೇ. ಆದರೆ ಹಳೆಯ ಕಥೆಯಲ್ಲಿ ಹೊಸದನ್ನು ಕಾಣುವುದು ಬೇರೆ, ಹಳೆಯ ಹೆಸರನ್ನು ಮತ್ತೆ ಮಾರುವುದು ಬೇರೆ.

ಹಾಗಾದರೆ ಹೊಸದು ಹುಟ್ಟಿದ್ದೆಲ್ಲಿ? 1916ರ ಬೇಸಿಗೆಯಲ್ಲಿ ಯೂಜೀನ್ ಓನೀಲನ ನಾಟಕ ಮೊಟ್ಟಮೊದಲು ರಂಗಕ್ಕೇರಿದ್ದು ಪ್ರಾವಿನ್ಸ್‌ಟೌನೆಂಬ ಕಡಲೂರಿನ ಹಳೆಯದೊಂದು ಮೀನುಗಾರಿಕೆಯ ಕಟ್ಟಡದಲ್ಲಿ. ಬ್ರಾಡ್‌ವೇ ಅವನಿಗೆ ಬಾಗಿಲು ತೆರೆದದ್ದು 1920ರಲ್ಲಿ. ಮೇಳದ ನರ್ತಕರು ತಮ್ಮ ಬಾಳನ್ನು ತಾವೇ ತೋಡಿಕೊಂಡ ಮಾತುಗಳಿಂದ ರೂಪುಗೊಂಡ 'ಎ ಕೋರಸ್ ಲೈನ್' 1975ರಲ್ಲಿ ಮೊದಲಾದದ್ದು ಪಬ್ಲಿಕ್ ಥಿಯೇಟರಿನ 299 ಆಸನಗಳ ನ್ಯೂಮನ್ ರಂಗಮಂದಿರದಲ್ಲಿ. ಅದು ಬ್ರಾಡ್‌ವೇಗೆ ಹೋಗಿ 9 ಟೋನಿಗಳನ್ನು ಪಡೆಯಿತು; ಅದರ ಗಳಿಕೆ ಹುಟ್ಟಿದ ಮನೆಯನ್ನು ವರ್ಷಗಟ್ಟಲೆ ಪೊರೆಯಿತು. ವ್ಯಾಪಾರಿ ರಂಗದಿಂದ ಆದ ಈ ಉಪಕಾರವನ್ನು ಮರೆಯಲಾಗದು.

ನಲವತ್ತು ವರ್ಷಗಳ ಮೇಲೆ, 2015ರಲ್ಲಿ, ಅದೇ ನ್ಯೂಮನ್ ರಂಗದಿಂದ 'ಹ್ಯಾಮಿಲ್ಟನ್' ಹೊರಟಿತು. 2016ರಲ್ಲಿ ಅದಕ್ಕೆ 11 ಟೋನಿಗಳು ಸಂದವು. ಆ ಜೂನಿನಲ್ಲೇ ಅದರ ಮೇಲ್ದರ್ಜೆಯ ಆಸನದ ಬೆಲೆಯನ್ನು 849 ಡಾಲರಿಗೆ ಏರಿಸಲಾಯಿತು. ಲಾಟರಿ ಎತ್ತಿ 10 ಡಾಲರಿಗೆ ಕೊಟ್ಟದ್ದು ಪ್ರದರ್ಶನಕ್ಕೆ ಕೇವಲ 46 ಆಸನಗಳನ್ನು. ಸಣ್ಣ ಮಂದಿರದಲ್ಲಿ ಹುಟ್ಟಿದ ಕೃತಿ ಹೀಗೆ ಸಾಮಾನ್ಯರ ಕೈಗೆಟುಕದಾಯಿತು. ನಾಳಿನ ಓನೀಲ್ ಆಗಬಲ್ಲ ಬಡ ತರುಣನೋ ತರುಣಿಯೋ ನಾಟಕ ನೋಡಬೇಕಾದರೆ ಅದೃಷ್ಟವನ್ನೇ ನಂಬಬೇಕೆ? ಪದಕಗಳನ್ನು ಎಣಿಸುವವರು ಉತ್ತರಿಸಬೇಕಾದ ಪ್ರಶ್ನೆ ಇದು.