ಊರನ್ನೇ ಬಿಟ್ಟುಕೊಟ್ಟ ರಾಜಧಾನಿ

ವಾರದ ಕೊನೆ ಬಂತೆಂದರೆ ಬೆಂಗಳೂರು, ತುಮಕೂರಿನ ಗೆಳೆಯರ ಗುಂಪುಗಳು ಮಧುಗಿರಿ ಬೆಟ್ಟದ ಬುಡದಲ್ಲಿ ಕಾಣಿಸಿಕೊಳ್ಳುತ್ತವೆ. ಹೆಗಲಿಗೊಂದು ಚೀಲ, ಕೈಯಲ್ಲಿ ನೀರಿನ ಬಾಟಲಿ. ಸುಮಾರು 3,930 ಅಡಿ ಎತ್ತರದ ಈ ಏಕಶಿಲಾ ಬೆಟ್ಟವನ್ನು ಬಿಸಿಲೇರುವ ಮುನ್ನ ಹತ್ತಿ, ತುದಿಯ ಪಾಳು ದೇಗುಲದ ಬಳಿ ಫೋಟೊ ತೆಗೆಸಿಕೊಂಡು, ಮಧ್ಯಾಹ್ನದ ಹೊತ್ತಿಗೆ ಇಳಿದು, ಊಟ ಮಾಡಿ ಊರ ದಾರಿ ಹಿಡಿಯುವುದು ರೂಢಿ. ಇದೇ ಗುಂಪುಗಳು ಇನ್ನೊಂದು ವಾರ ಶ್ರೀರಂಗಪಟ್ಟಣಕ್ಕೆ ಹೋಗುತ್ತವೆ. ದರಿಯಾ ದೌಲತ್ ನೋಡಿ, ಗಂಜಾಂನ ನಿಮಿಷಾಂಬ ದೇವಿಗೆ ಕೈಮುಗಿದು ಬರುತ್ತವೆ. ಮತ್ತೊಂದು ಭಾನುವಾರ ಲಾಲ್‌ಬಾಗ್ ಇದ್ದೇ ಇದೆ.

ಮಧುಗಿರಿಯಿಂದ ಒಂದು ಗಂಟೆಯ ದಾರಿಯಲ್ಲಿರುವ ಶಿರಾಕ್ಕೆ ಮಾತ್ರ ಈ ಗುಂಪುಗಳಲ್ಲಿ ಹೋಗುವವರು ಕಡಿಮೆ. ಬೆಂಗಳೂರು–ಪುಣೆ ಹೆದ್ದಾರಿಯಲ್ಲಿ ಸಾಗುವ ಸಾವಿರಾರು ವಾಹನಗಳಿಗೆ ಅದು ತುಮಕೂರಿನ ನಂತರ ಸಿಗುವ ಮತ್ತೊಂದು ತಾಲ್ಲೂಕು ಕೇಂದ್ರ, ಅಷ್ಟೆ. ಆದರೆ ಶ್ರೀರಂಗಪಟ್ಟಣದ ಗಂಜಾಂ, ಬೆಂಗಳೂರಿನ ಕೋಟೆಯ ಅರಮನೆ, ಲಾಲ್‌ಬಾಗ್ ಈ ಮೂರರ ಬೇರನ್ನೂ ಹುಡುಕುತ್ತ ಹೋದರೆ ಅದು ಬಂದು ನಿಲ್ಲುವುದು ಶಿರಾದಲ್ಲಿ. ಎಪ್ಪತ್ತು ವರ್ಷ ದಕ್ಷಿಣದ ಒಂದು ದೊಡ್ಡ ಪ್ರಾಂತ್ಯಕ್ಕೆ ರಾಜಧಾನಿಯಾಗಿದ್ದ ಈ ಊರು ತನ್ನ ಅರಮನೆಯ ಮಾದರಿಯನ್ನು ಕೊಟ್ಟಿತು, ತೋಟದ ಮಾದರಿಯನ್ನು ಕೊಟ್ಟಿತು, ಕೊನೆಗೆ ತನ್ನ ಜನರನ್ನೂ ಕೊಟ್ಟಿತು.

ನಾಯಕರ ಕೋಟೆ, ಬಿಜಾಪುರದ ಊರು

ಶಿರಾ ಪಟ್ಟಣಕ್ಕೂ ಕೋಟೆಗೂ ಅಡಿಗಲ್ಲು ಹಾಕಿದವನು ರತ್ನಗಿರಿಯ ನಾಯಕ ಕಸ್ತೂರಿ ರಂಗಪ್ಪ ನಾಯಕ. ಕೋಟೆಯ ಕೆಲಸ ಮುಗಿಯುವ ಮೊದಲೇ, 1638ರ ಸುಮಾರಿಗೆ, ಬಿಜಾಪುರದ ಆದಿಲ್‌ಶಾಹಿ ಸೇನಾನಿ ರಣದುಲ್ಲಾ ಖಾನ್ ದಂಡೆತ್ತಿ ಬಂದ. ಅದೇ ದಂಡಯಾತ್ರೆಯಲ್ಲಿ ಬೆಂಗಳೂರು ಕೂಡ ಕೆಂಪೇಗೌಡರ ಮನೆತನದ ಕೈತಪ್ಪಿತು. ನಾಯಕ ಆರಂಭಿಸಿದ ಕೋಟೆಯನ್ನು ಮುಗಿಸಿದವರು, ಊರಿನ ಸುತ್ತ ಮಣ್ಣಿನ ಗೋಡೆ ಎಬ್ಬಿಸಿದವರು ಬಿಜಾಪುರದ ಅಧಿಕಾರಿಗಳು.

ಆ ಕಾಲದ ಮುಖ್ಯ ಗುರುತಾಗಿ ಉಳಿದಿರುವುದು ಮಲಿಕ್ ರಿಹಾನನ ಗೋರಿ. ಬಿಜಾಪುರದ ಪರವಾಗಿ ಶಿರಾವನ್ನು ಆಳಿದ ಈತನ ಗೋರಿಯ ಕಾಲ 1651. ಜನ ಇದನ್ನು ಮಲಿಕ್ ರಿಹಾನ್ ದರ್ಗಾ ಎಂದೇ ಕರೆಯುತ್ತಾರೆ. ಬಿಜಾಪುರದ ಗುಮ್ಮಟಗಳನ್ನು ನೋಡಿದವರಿಗೆ ಇದರ ಗುಮ್ಮಟ ಪರಿಚಿತವೆನಿಸುತ್ತದೆ.

ಸುಬಾ ಎಂಬ ವ್ಯವಸ್ಥೆ

ಶಿರಾದ ಹಣೆಬರಹ ಬದಲಾದದ್ದು 1687ರಲ್ಲಿ. ಹಿಂದಿನ ವರ್ಷವಷ್ಟೇ ಬಿಜಾಪುರವನ್ನು ಗೆದ್ದಿದ್ದ ಔರಂಗಜೇಬನಿಗೆ ತುಂಗಭದ್ರೆಯ ದಕ್ಷಿಣದ ಆದಿಲ್‌ಶಾಹಿ ಪ್ರದೇಶಗಳೂ ಬೇಕಾಗಿದ್ದವು. ಅವನ ಸೇನಾನಿ ಕಾಸಿಂ ಖಾನ್ ದಕ್ಷಿಣಕ್ಕೆ ನುಗ್ಗಿದ. ಆ ವರ್ಷ ಬೆಂಗಳೂರು ಅವನ ವಶವಾಯಿತು. ಆದರೆ ಬೆಂಗಳೂರನ್ನು ಅವನು ಇಟ್ಟುಕೊಳ್ಳಲಿಲ್ಲ. ಮೂರು ಲಕ್ಷ ರೂಪಾಯಿಗೆ ಮೈಸೂರಿನ ಚಿಕ್ಕದೇವರಾಜ ಒಡೆಯರಿಗೆ ಬಿಟ್ಟುಕೊಟ್ಟು, ಶಿರಾವನ್ನು ಪ್ರಾಂತ್ಯದ ರಾಜಧಾನಿ ಮಾಡಿಕೊಂಡ. ಇಂದು ಓದುವವರಿಗೆ ಇದು ತಮಾಷೆಯಾಗಿ ಕಂಡೀತು. ಅಂದಿನ ಮೊಗಲರ ಕಣ್ಣಿಗೆ ಬೆಂಗಳೂರಿಗಿಂತ ಶಿರಾ ಬೆಲೆಯುಳ್ಳ ಊರಾಗಿತ್ತು.

ಇದಕ್ಕೆ ಕಾರಣ ಹುಡುಕಲು ನಕ್ಷೆಯನ್ನು ನೋಡಿದರೆ ಸಾಕು. ಶಿರಾದ ಸುತ್ತಲಿನದು ಬಯಲು ಸೀಮೆ, ಕುದುರೆ ದಂಡು ಸಲೀಸಾಗಿ ಓಡಾಡುವ ನೆಲ. ಬಿಜಾಪುರದ ಕಡೆಯಿಂದ ದಕ್ಷಿಣಕ್ಕೆ ಇಳಿಯುವ ದಾರಿ ಇಲ್ಲಿಯೇ ಹಾದುಹೋಗುತ್ತದೆ. ಪಶ್ಚಿಮಕ್ಕೆ ಚಿತ್ರದುರ್ಗ, ಪೂರ್ವಕ್ಕೆ ಪೆನುಕೊಂಡ, ದಕ್ಷಿಣಕ್ಕೆ ಮೈಸೂರಿನ ಗಡಿ. ಎಲ್ಲರ ಮೇಲೂ ಕಣ್ಣಿಡಲು ಇದಕ್ಕಿಂತ ಅನುಕೂಲವಾದ ಜಾಗ ಇರಲಿಲ್ಲ.

ಘಟ್ಟದ ಮೇಲಿನ ಕರ್ನಾಟಕ ಎಂಬ ಅರ್ಥದಲ್ಲಿ ಈ ಪ್ರಾಂತ್ಯಕ್ಕೆ ಕರ್ನಾಟಕ ಬಾಲಾಘಾಟ್ ಎಂಬ ಹೆಸರಿತ್ತು. ಘಟ್ಟದ ಕೆಳಗಿನ ಪಾಯಿನ್‌ಘಾಟ್‌ಗೆ ಆರ್ಕಾಟ್ ಕೇಂದ್ರವಾದಂತೆ ಮೇಲಿನದಕ್ಕೆ ಶಿರಾ ಕೇಂದ್ರ. ಬಸವಾಪಟ್ಟಣ, ಬೂದಿಹಾಳು, ಶಿರಾ, ಪೆನುಕೊಂಡ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ ಎಂಬ ಏಳು ಪರಗಣಗಳು ನೇರವಾಗಿ ಸುಬೇದಾರನ ಆಡಳಿತದಲ್ಲಿದ್ದವು. ಹರಪನಹಳ್ಳಿ, ಆನೆಗೊಂದಿ, ಬಿದನೂರು, ಚಿತ್ರದುರ್ಗ, ಮೈಸೂರು ಮುಂತಾದ ಸಂಸ್ಥಾನಗಳು ಕಾಗದದ ಮೇಲೆ ಕಪ್ಪ ಕೊಡಬೇಕಾದವು. ಕಪ್ಪ ತಾನಾಗಿ ಬರುತ್ತಿತ್ತೆಂದಲ್ಲ. ಹಲವು ಸಲ ದಂಡು ಕಳಿಸಿಯೇ ವಸೂಲು ಮಾಡಬೇಕಾಗುತ್ತಿತ್ತು.

ಸುಬೇದಾರನ ಗಾದಿ ಹೂವಿನ ಹಾಸಿಗೆಯೂ ಆಗಿರಲಿಲ್ಲ. ಮೊದಲಿಗನಾದ ಕಾಸಿಂ ಖಾನನನ್ನು 1695ರಲ್ಲಿ ಮರಾಠಾ ಸರದಾರ ಸಂತಾಜಿ ಘೋರ್ಪಡೆ ಚಳ್ಳಕೆರೆ ಬಳಿಯ ದೊಡ್ಡೇರಿಯಲ್ಲಿ ಮುತ್ತಿದ. ಆ ಮುತ್ತಿಗೆಯಲ್ಲೇ ಕಾಸಿಂ ಖಾನ್ ಸತ್ತ. ಮಾನಭಂಗ ತಾಳಲಾರದೆ ವಿಷ ತೆಗೆದುಕೊಂಡನೆಂಬ ಮಾತು ಆಗಲೇ ಹುಟ್ಟಿತ್ತು. ಮರುವರ್ಷ, 1696ರಲ್ಲಿ, ಶಿರಾದ ಜುಮ್ಮಾ ಮಸೀದಿ ಎದ್ದಿತು. ನಯವಾಗಿ ಕಡೆದ ಕಲ್ಲಿನ ಈ ಕಟ್ಟಡ, ಮಲಿಕ್ ರಿಹಾನನ ಗೋರಿ ಎರಡೂ ಇಂದು ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಣೆಯಲ್ಲಿವೆ.

ದಿಲಾವರ್ ಖಾನನ ಕಾಲ

ಶಿರಾ ತುಂಬಿ ತುಳುಕಿದ್ದು ದಿಲಾವರ್ ಖಾನನ ಕಾಲದಲ್ಲಿ. 1756ರವರೆಗೆ ದೀರ್ಘಕಾಲ ಸುಬೇದಾರನಾಗಿದ್ದ ಈತನ ದಿನಗಳಲ್ಲಿ ಊರಿನಲ್ಲಿ 50,000 ಮನೆಗಳಿದ್ದವೆಂಬ ಪ್ರತೀತಿ ಇದೆ. ಬಾಯಿಂದ ಬಾಯಿಗೆ ಬಂದ ಈ ಲೆಕ್ಕದಲ್ಲಿ ಉತ್ಪ್ರೇಕ್ಷೆ ಇರಬಹುದು. ಅರ್ಧಕ್ಕರ್ಧ ಕಳೆದರೂ ಅದು ಆ ಕಾಲಕ್ಕೆ ದೊಡ್ಡ ನಗರವೇ ಸರಿ.

ದಿಲಾವರ್ ಖಾನ್ ಇಲ್ಲಿ ಒಂದು ಅರಮನೆ ಕಟ್ಟಿಸಿದ. ಅದರ ಅಂದ ಮತ್ತು ಅಳತೆಯ ಹೊಂದಾಣಿಕೆ ನೋಡಿ ಹೈದರ್ ಮತ್ತು ಟಿಪ್ಪು ಬೆಂಗಳೂರು ಹಾಗೂ ಶ್ರೀರಂಗಪಟ್ಟಣದ ತಮ್ಮ ಅರಮನೆಗಳಿಗೆ ಅದನ್ನೇ ಮಾದರಿಯಾಗಿ ಇಟ್ಟುಕೊಂಡರೆಂದು ಬಿ.ಎಲ್. ರೈಸ್ ತಮ್ಮ ಮೈಸೂರು ಗೆಜೆಟಿಯರಿನಲ್ಲಿ ಬರೆದಿದ್ದಾರೆ. ಶಿರಾದಲ್ಲಿದ್ದ ಖಾನ್ ಬಾಗ್ ಎಂಬ ತೋಟ ಬೆಂಗಳೂರಿನ ಲಾಲ್‌ಬಾಗ್‌ಗೆ ಪ್ರೇರಣೆಯಾಗಿರಬೇಕೆಂಬುದೂ ಅವರ ಊಹೆ.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಲಾಲ್‌ಬಾಗ್ ಆರಂಭವಾದದ್ದು 1760ರಲ್ಲಿ. ಶಿರಾ ಹೈದರನ ಕೈಸೇರಿದ್ದು 1761ರಲ್ಲಿ. ಹಾಗಾದರೆ ನೋಡದ ತೋಟವನ್ನು ಅವನು ಅನುಕರಿಸಿದ್ದು ಹೇಗೆ? ಉತ್ತರ ಹೈದರನ ಮನೆತನದ ಕಥೆಯಲ್ಲಿದೆ. ಅವನಿಗೆ ಶಿರಾ ಹೊಸ ಹೆಸರಾಗಿರಲಿಲ್ಲ. ತಂದೆ ಫತೇ ಮಹಮ್ಮದ್ ಶಿರಾ ಸುಬೇದಾರರ ಸೇವೆಯಲ್ಲಿದ್ದ ಸಿಪಾಯಿ. ಆ ಸೇವೆಗಾಗಿ ದೊರೆತ ಕೋಲಾರ ಸೀಮೆಯ ಬೂದಿಕೋಟೆ ಜಾಗೀರಿನಲ್ಲೇ ಹೈದರ್ ಹುಟ್ಟಿದ್ದು. ತಂದೆ ಕಾಳಗದಲ್ಲಿ ಮಡಿದ ಮೇಲೆ ದೊಡ್ಡಬಳ್ಳಾಪುರದ ಜಾಗೀರುದಾರ ಅಬ್ಬಾಸ್ ಖುಲಿ ಖಾನ್ ಸಾಲದ ನೆಪದಲ್ಲಿ ಮನೆಯ ಆಸ್ತಿ ಕಿತ್ತುಕೊಂಡ. ಹೈದರ್ ಮತ್ತು ಅವನ ಅಣ್ಣನನ್ನು ಎಳೆಯ ವಯಸ್ಸಿನಲ್ಲೇ ಹಿಂಸಿಸಿದ. ಹೀಗೆ ಶಿರಾ ಸುಬಾದ ವೈಭವ ಹಾಗೂ ಕ್ರೌರ್ಯ ಎರಡೂ ಹೈದರನ ಬಾಲ್ಯದ ನೆನಪಿನಲ್ಲಿದ್ದವು.

ಮೂರು ಲಕ್ಷಕ್ಕೆ ನವಾಬಗಿರಿ

ದಿಲಾವರ್ ಖಾನನ ನಂತರ ಶಿರಾಕ್ಕೆ ನೆಮ್ಮದಿ ಇರಲಿಲ್ಲ. 1757ರಲ್ಲಿ ಮರಾಠರು ಅದನ್ನು ಹಿಡಿದರು. 1761ರಲ್ಲಿ ನಿಜಾಮನ ಮನೆತನದ ಬಸಾಲತ್ ಜಂಗ್ ದಂಡಿನೊಡನೆ ಈ ಕಡೆ ಬಂದ. ಅವನಿಗೆ ಹಣ ಬೇಕಾಗಿತ್ತು, ಹೈದರನಿಗೆ ಪದವಿ ಬೇಕಾಗಿತ್ತು. ಮೂರು ಲಕ್ಷ ರೂಪಾಯಿ ನಜರು ಪಡೆದು ಬಸಾಲತ್ ಜಂಗ್ ಹೈದರನನ್ನು ಶಿರಾದ ನವಾಬನೆಂದು ಘೋಷಿಸಿದ. ಹೈದರ್ ಅಲಿ ಖಾನ್ ಬಹಾದುರ್ ಎಂಬ ಬಿರುದು ದೊರೆತದ್ದೂ ಆಗಲೇ. ವಿಶೇಷವೆಂದರೆ ಆ ಗಳಿಗೆಯಲ್ಲಿ ಶಿರಾ ಇನ್ನೂ ಮರಾಠರ ಕೈಯಲ್ಲಿತ್ತು. ಗೆದ್ದುಕೊಳ್ಳಬೇಕಾದ ಊರಿನ ನವಾಬಗಿರಿ ಅದು. ಬಳಿಕ ಇಬ್ಬರೂ ಕೂಡಿ ಊರನ್ನು ವಶಪಡಿಸಿಕೊಂಡರು. ಅಪ್ಪ ಸಿಪಾಯಿಯಾಗಿದ್ದ ಸುಬಾಕ್ಕೆ ಮಗ ನವಾಬನಾದ. ದೊಡ್ಡಬಳ್ಳಾಪುರದ ಅಬ್ಬಾಸ್ ಖುಲಿ ಖಾನ್ ಹೈದರ್ ಬರುವ ಸುದ್ದಿ ಕೇಳಿ ಮದರಾಸಿಗೆ ಓಡಿದ.

ಸುತ್ತಲಿನ ಗುಡ್ಡಗಳ ಕಥೆಯೂ ಇದಕ್ಕೇ ಹೊಂದಿಕೊಂಡಿದೆ. ಮಧುಗಿರಿಯ ಗೌಡ ಮನೆತನದಿಂದ 1678ರಲ್ಲೇ ಮೈಸೂರು ಗೆದ್ದುಕೊಂಡಿದ್ದ ದುರ್ಗವನ್ನು ಹೈದರ್ ಬಲಪಡಿಸಿದ. 1763ರಲ್ಲಿ ಬಿದನೂರನ್ನು ಗೆದ್ದು ಅಲ್ಲಿನ ರಾಣಿ ವೀರಮ್ಮಾಜಿಯನ್ನು ಸೆರೆಯಿಟ್ಟದ್ದು ಇದೇ ಬೆಟ್ಟದ ಮೇಲೆ. 1767ರಲ್ಲಿ ಪೇಶ್ವೆ ಮಾಧವರಾಯ ದುರ್ಗ ಹಿಡಿದಾಗ ಆಕೆಗೆ ಬಿಡುಗಡೆಯಾಯಿತು. ಪುಣೆಗೆ ಹೋಗುವ ದಾರಿಯಲ್ಲೇ ಆಕೆ ತೀರಿಕೊಂಡಳು. ಫೋಟೊ ತೆಗೆಸಿಕೊಳ್ಳಲು ಬೆಟ್ಟ ಏರುವವರಿಗೆ ಆ ಕೋಟೆ ಒಬ್ಬ ರಾಣಿಯ ಸೆರೆಮನೆಯಾಗಿತ್ತೆಂಬ ನೆನಪು ಇರಲಾರದು. ಕೊರಟಗೆರೆಯ ಪಾಳೆಯಗಾರರ ಕೋಟೆ ಟಿಪ್ಪುವಿನ ಕಾಲದಲ್ಲಿ ನೆಲಸಮವಾಯಿತು. ಪಾವಗಡ, ಮಿಡಿಗೇಶಿ, ನಿಡುಗಲ್ಲುಗಳ ಬೆಟ್ಟದ ಮೇಲೂ ಕೋಟೆಗಳಿವೆ. ರಾಜಧಾನಿ ಬಯಲಿನಲ್ಲಿತ್ತು, ಅದಕ್ಕೆ ಬಗ್ಗದವರು ಬೆಟ್ಟದ ಮೇಲಿದ್ದರು. ಈ ನಾಲ್ಕು ತಾಲ್ಲೂಕುಗಳ ಇತಿಹಾಸದ ಸಾರ ಇಷ್ಟೇ.

ಹನ್ನೆರಡು ಸಾವಿರ ಕುಟುಂಬಗಳು

ಶಿರಾ ಮತ್ತೊಮ್ಮೆ ಮರಾಠರ ಕೈಗೆ ಹೋಗಿ, 1774ರಲ್ಲಿ ಟಿಪ್ಪುವಿನಿಂದ ಮರಳಿ ಮೈಸೂರಿಗೆ ಬಂತು. ಆದರೆ ರಾಜಧಾನಿಯಾಗಿ ಅದರ ಕೆಲಸ ಮುಗಿದಿತ್ತು. ಶ್ರೀರಂಗಪಟ್ಟಣದ ಕೋಟೆಯ ಹೊರಗೆ ಟಿಪ್ಪು ಶಹರ್ ಗಂಜಾಂ ಎಂಬ ಹೊಸ ಪೇಟೆ ಕಟ್ಟಿಸುತ್ತಿದ್ದ. ಪೇಟೆ ಕಟ್ಟಿದರೆ ಸಾಲದು, ಜನ ಬೇಕು. ಅವರನ್ನು ಶಿರಾದಿಂದ ತರಲಾಯಿತು. 12,000 ಕುಟುಂಬಗಳನ್ನು ಬಲವಂತವಾಗಿ ಅಲ್ಲಿಗೆ ಸಾಗಿಸಲಾಯಿತೆಂದು ಗೆಜೆಟಿಯರ್ ಹೇಳುತ್ತದೆ.

ಕುಟುಂಬಕ್ಕೆ ಐವರೆಂದು ಹಿಡಿದರೂ 60,000 ಜನ. ಈ ಅಂಕಿಯಲ್ಲಿ ಹೆಚ್ಚುಕಡಿಮೆ ಇರಬಹುದು, ಆದರೆ ಅರ್ಥ ಬದಲಾಗದು. ಮುತ್ತಿಗೆಗಳನ್ನು ತಾಳಿಕೊಂಡ ಊರು ಜನರಿಲ್ಲದೆ ತಾಳಿಕೊಳ್ಳಲಿಲ್ಲ. ಕೈಕಸುಬಿನವರು ಹೋದರೆ ಸಂತೆ ಇಲ್ಲ, ಸಂತೆ ಇಲ್ಲದಿದ್ದರೆ ಸುಂಕ ಇಲ್ಲ, ಸುಂಕ ಇಲ್ಲದಿದ್ದರೆ ಅರಮನೆಯ ಸೂರು ಸೋರಿದಾಗ ಸರಿಪಡಿಸುವವರಿಲ್ಲ. 1800ರಲ್ಲಿ ಫ್ರಾನ್ಸಿಸ್ ಬುಕನನ್ ದೊಡ್ಡಬಳ್ಳಾಪುರದ ಕಡೆಯಿಂದ ಶಿರಾಕ್ಕೆ ಬಂದಾಗ ಊರು ತನ್ನ ಹಿಂದಿನ ದೊಡ್ಡತನವನ್ನು ಕಳೆದುಕೊಂಡಾಗಿತ್ತು. ಅಷ್ಟರಲ್ಲಿ ಶ್ರೀರಂಗಪಟ್ಟಣದ ಕಥೆಯೂ ಮುಗಿದಿತ್ತು. 1799ರಲ್ಲಿ ಟಿಪ್ಪು ಮಡಿದ ಮೇಲೆ ರಾಜಧಾನಿ ಮೈಸೂರಿಗೆ ಹೋಯಿತು. ಶಿರಾವನ್ನು ಬರಿದು ಮಾಡಿ ಕಟ್ಟಿದ ಗಂಜಾಂ ಕೂಡ ಕಾಲು ಶತಮಾನ ರಾಜಧಾನಿಯ ಪೇಟೆಯಾಗಿ ಉಳಿಯಲಿಲ್ಲ.

ನೋಡುವುದೆಲ್ಲಿ?

ದಿಲಾವರ್ ಖಾನನ ಅರಮನೆ ಇಂದು ಇಲ್ಲ. ಅದು ಹೇಗಿತ್ತೆಂದು ತಿಳಿಯಬೇಕಾದರೆ ಬೆಂಗಳೂರಿನ ಕೋಟೆಯ ಬಳಿ, 1791ರಲ್ಲಿ ಪೂರ್ಣಗೊಂಡ ಟಿಪ್ಪು ಅರಮನೆಯ ಮರದ ಕಂಬಗಳ ನಡುವೆ ನಿಲ್ಲಬೇಕು. ಇಲ್ಲವೇ 1784ರ ದರಿಯಾ ದೌಲತ್‌ನ ಮೊಗಸಾಲೆ ಸುತ್ತಬೇಕು. ನಕಲು ಉಳಿದು ಅಸಲು ಅಳಿದ ಪ್ರಸಂಗ ಇದು. ಆ ಅರಮನೆಗಳನ್ನು ನೋಡಲು ಜನ ಸಾಲುಗಟ್ಟುತ್ತಾರೆ. ಶಿರಾದ ಹೆಸರನ್ನು ಯಾರೂ ಅಲ್ಲಿ ನೆನೆಯುವುದಿಲ್ಲ.

ಹಾಗೆಂದು ಶಿರಾದಲ್ಲಿ ನೋಡಲು ಏನೂ ಇಲ್ಲವೆಂದಲ್ಲ. ಮಧುಗಿರಿ ಬೆಟ್ಟವನ್ನು ಬೆಳಿಗ್ಗೆ ಹತ್ತಿ ಇಳಿದವರಿಗೆ ಅರ್ಧ ದಿನ ಸಾಕು. ಕಸ್ತೂರಿ ರಂಗಪ್ಪ ನಾಯಕನ ಹೆಸರು ಹೊತ್ತ ಕೋಟೆ ಇದೆ, ಸುತ್ತ ಕಂದಕವಿದೆ. ಜುಮ್ಮಾ ಮಸೀದಿ ಇದೆ, ಮಲಿಕ್ ರಿಹಾನನ ದರ್ಗಾ ಇದೆ. ಊರಿನಿಂದ ಹತ್ತು ಕಿಲೋಮೀಟರಿನೊಳಗೆ ಕಗ್ಗಲಡು ಇದೆ. ಹಳ್ಳಿಯ ಹುಣಸೆ ಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವುದನ್ನು ಋತುವಿನಲ್ಲಿ ನೋಡಬಹುದು.

ಆಮೇಲೆ ಎಂದಾದರೂ ಶ್ರೀರಂಗಪಟ್ಟಣಕ್ಕೆ ಹೋದಾಗ ಗಂಜಾಂನ ಬೀದಿಯಲ್ಲಿ ಗೆಳೆಯರಿಗೆ ಒಂದು ಮಾತು ಹೇಳಬಹುದು: ಈ ಬೀದಿಗಳನ್ನು ಮೊದಲು ತುಂಬಿದ ಜನ ತಾವಾಗಿ ಬಂದವರಲ್ಲ, ಶಿರಾದ ತಮ್ಮ ಮನೆಗಳಿಗೆ ಬೀಗ ಹಾಕಿ ಎಬ್ಬಿಸಿಕೊಂಡು ಬಂದವರು. ಅವರ ಹೆಸರು ಯಾವ ಫಲಕದಲ್ಲೂ ಇಲ್ಲ. ಅರಸರ ಗೋರಿಗಳಿಗೆ ಇಲಾಖೆಯ ಕಾವಲಿದೆ. ಊರು ಬಿಟ್ಟು ಹೋದವರನ್ನು ನೆನೆಯುವ ಕೆಲಸ ನೋಡಲು ಬರುವವರದೇ.