ಹೆಸರಿಲ್ಲದ ಜ್ವರಕ್ಕೆ ಹೆಸರು ಸಿಕ್ಕಿದ ಕಥೆ



2020ರ ಲಾಕ್‌ಡೌನ್ ದಿನಗಳಲ್ಲಿ ನಾವೆಲ್ಲ ಪದೇ ಪದೇ ಕೇಳಿದ ಸಮಾಧಾನದ ಮಾತು ಒಂದಿತ್ತು: "ಕೊರೊನಾ ಮಕ್ಕಳಿಗೆ ಅಷ್ಟೇನೂ ಮಾಡುವುದಿಲ್ಲ." ಆ ಮಾತು ಬಹುಮಟ್ಟಿಗೆ ನಿಜವೇ ಆಗಿತ್ತು. ಅಜ್ಜ ಅಜ್ಜಿಯರನ್ನು ಕಾಡಿದಷ್ಟು ಆ ಸೋಂಕು ಮಕ್ಕಳನ್ನು ಕಾಡಲಿಲ್ಲ. ಆದರೆ ಅದೇ ವರ್ಷದ ಏಪ್ರಿಲ್ ಹೊತ್ತಿಗೆ ಇಟಲಿ ಮತ್ತು ಇಂಗ್ಲೆಂಡಿನ ಮಕ್ಕಳ ವೈದ್ಯರು ಬೇರೆಯದೇ ಒಂದು ಸಂಗತಿಯನ್ನು ಗಮನಿಸಿದರು. ಸೋಂಕು ಬಂದು ಹೋಗಿ ಕೆಲವು ವಾರಗಳಾದ ಮೇಲೆ, ಚೆನ್ನಾಗಿ ಆಡಿಕೊಂಡಿದ್ದ ಕೆಲವು ಮಕ್ಕಳಿಗೆ ಬಿಡದ ಜ್ವರ, ಕಣ್ಣು ಕೆಂಪಾಗುವುದು, ಮೈಮೇಲೆ ದದ್ದು, ಹೊಟ್ಟೆನೋವು. ಕೆಲವರ ರಕ್ತದೊತ್ತಡ ಕುಸಿದು ಹೃದಯವೇ ಬಳಲತೊಡಗಿತು.

ಆ ವೈದ್ಯರಿಗೆ ಕೂಡಲೇ ನೆನಪಾದದ್ದು ಕವಾಸಾಕಿ ಎಂಬ ಹೆಸರು. ನಮ್ಮಲ್ಲಿ ಬೈಕ್ ಹುಚ್ಚು ಇರುವವರಿಗೆಲ್ಲ ಇದು ಗೊತ್ತಿರುವ ಹೆಸರೇ. ಆದರೆ ಇಲ್ಲಿ ಹೇಳುತ್ತಿರುವುದು ಬೈಕಿನ ಬಗ್ಗೆ ಅಲ್ಲ, ಒಬ್ಬ ಮಕ್ಕಳ ವೈದ್ಯರ ಬಗ್ಗೆ.

"ರೋಗ ಗೊತ್ತಾಗಿಲ್ಲ"

ತೊಮಿಸಾಕು ಕವಾಸಾಕಿ ಹುಟ್ಟಿದ್ದು 1925ರಲ್ಲಿ, ಟೋಕಿಯೋದಲ್ಲಿ. ಅಲ್ಲಿನ ರೆಡ್ ಕ್ರಾಸ್ ಆಸ್ಪತ್ರೆಯಲ್ಲಿ ಅವರು ಕೆಲಸ ಮಾಡುತ್ತಿದ್ದಾಗ, 1961ರ ಜನವರಿಯಲ್ಲಿ, 4 ವರ್ಷದ ಒಬ್ಬ ಹುಡುಗನನ್ನು ದಾಖಲು ಮಾಡಿದರು. ಅವನಿಗೆ ದಿನಗಟ್ಟಲೆ ಇಳಿಯದ ಜ್ವರ. ಕಣ್ಣು ಕೆಂಪಾಗಿತ್ತು, ಆದರೆ ಕೀವು ಇರಲಿಲ್ಲ. ತುಟಿ ಒಡೆದಿತ್ತು, ನಾಲಿಗೆ ಸ್ಟ್ರಾಬೆರಿ ಹಣ್ಣಿನಂತೆ ಕೆಂಪಾಗಿತ್ತು. ಕೈಕಾಲು ಊದಿಕೊಂಡಿದ್ದವು. ಇವುಗಳಲ್ಲಿ ಒಂದೊಂದು ಲಕ್ಷಣವೂ ಒಂದೊಂದು ಕಾಯಿಲೆಗೆ ಹೊಂದುತ್ತಿತ್ತು. ಎಲ್ಲವನ್ನೂ ಒಟ್ಟಿಗೆ ಇಟ್ಟರೆ ಪುಸ್ತಕದಲ್ಲಿದ್ದ ಯಾವ ಕಾಯಿಲೆಗೂ ಹೊಂದುತ್ತಿರಲಿಲ್ಲ.

ಹುಡುಗ ಗುಣವಾಗಿ ಮನೆಗೆ ಹೊರಟಾಗ ಯಾವುದಾದರೂ ಒಂದು ಹೆಸರು ಬರೆದು ಕಳಿಸಿದ್ದರೆ ಯಾರೂ ಕೇಳುತ್ತಿರಲಿಲ್ಲ. ಕವಾಸಾಕಿ ಹಾಗೆ ಮಾಡಲಿಲ್ಲ. ರೋಗ ಯಾವುದೆಂದು ಗೊತ್ತಾಗಿಲ್ಲ ಎಂದೇ ದಾಖಲಿಸಿದರು. ಮುಂದಿನ ವರ್ಷ ಅದೇ ಲಕ್ಷಣಗಳಿದ್ದ ಇನ್ನೊಂದು ಮಗು ಬಂದಾಗ ಹಳೆಯ ಹುಡುಗನ ನೆನಪಾಯಿತು. ಅಲ್ಲಿಂದ ಅವರು ಲೆಕ್ಕ ಇಡುತ್ತಾ ಹೋದರು. 1962ರಲ್ಲಿ 7 ಮಕ್ಕಳ ವಿವರವನ್ನು ವೈದ್ಯರ ಸಭೆಯ ಮುಂದಿಟ್ಟರು. 1967ರಲ್ಲಿ 50 ಮಕ್ಕಳ ವಿವರವನ್ನು ಜಪಾನೀ ಭಾಷೆಯಲ್ಲಿ ಪ್ರಕಟಿಸಿದರು. ಇದೇನೂ ಹೊಸ ಕಾಯಿಲೆಯಲ್ಲ, ಹಳೆಯದರದೇ ಇನ್ನೊಂದು ರೂಪ ಎಂದು ವಾದಿಸಿದವರು ಅನೇಕರಿದ್ದರು.

ಇದು ತಾನಾಗಿ ವಾಸಿಯಾಗುವ ಕಾಯಿಲೆ ಎಂದು ಮೊದಮೊದಲು ಕವಾಸಾಕಿಯವರೂ ನಂಬಿದ್ದರು. 1970ರಲ್ಲಿ ಜಪಾನಿನಲ್ಲಿ ದೇಶವ್ಯಾಪಿ ಸಮೀಕ್ಷೆ ನಡೆದಾಗ ಕಹಿ ಸತ್ಯ ಹೊರಬಿತ್ತು. ಚೇತರಿಸಿಕೊಂಡಂತೆ ಕಂಡಿದ್ದ ಕೆಲವು ಮಕ್ಕಳು ಹಠಾತ್ತನೆ ತೀರಿಕೊಂಡಿದ್ದರು. ಮರಣೋತ್ತರ ಪರೀಕ್ಷೆಯಲ್ಲಿ ಕಾರಣ ತಿಳಿಯಿತು: ಇದು ಬರೀ ಜ್ವರವಲ್ಲ, ರಕ್ತನಾಳಗಳ ಉರಿಯೂತ. ಹೃದಯಕ್ಕೇ ರಕ್ತ ಒದಗಿಸುವ ನಾಳಗಳ ಗೋಡೆ ಸಡಿಲವಾಗಿ ಬಲೂನಿನಂತೆ ಉಬ್ಬುತ್ತದೆ. ಅಲ್ಲಿ ರಕ್ತ ಹೆಪ್ಪುಗಟ್ಟಿದರೆ ಪುಟ್ಟ ಮಗುವಿಗೂ ಹೃದಯಾಘಾತ ಆಗುತ್ತದೆ.

ಹಿಂದೆ ತಿರುಗಿ ನೋಡಿದರೆ ಕಾಯಿಲೆ ಅದಕ್ಕೂ ಮೊದಲೇ ಇದ್ದಿರಬೇಕು. ಲಂಡನ್ನಿನ ವೈದ್ಯ ಸ್ಯಾಮ್ಯುಯೆಲ್ ಗೀ, 1871ರಷ್ಟು ಹಿಂದೆಯೇ, ತೀರಿಕೊಂಡ 7 ವರ್ಷದ ಬಾಲಕನೊಬ್ಬನ ಹೃದಯದ ನಾಳಗಳಲ್ಲಿ ಇಂಥದೇ ಉಬ್ಬುಗಳನ್ನು ಕಂಡು ಬರೆದಿಟ್ಟಿದ್ದರು. ಕಂಡವರಿದ್ದರು. ಆದರೆ ಒಂದು ಮಗುವನ್ನು ಇನ್ನೊಂದು ಮಗುವಿನ ಪಕ್ಕದಲ್ಲಿಟ್ಟು ನೋಡಲು 90 ವರ್ಷ ಬೇಕಾಯಿತು.

ದಾನಿಗಳ ರಕ್ತದಿಂದ ಬಂದ ಮದ್ದು

1974ರಲ್ಲಿ ಕವಾಸಾಕಿಯವರ ಲೇಖನ ಇಂಗ್ಲಿಷಿನಲ್ಲಿ ಬಂತು. ಅಷ್ಟರಲ್ಲಿ ಹವಾಯಿ ದ್ವೀಪದ ವೈದ್ಯೆಯರಾದ ಮರಿಯನ್ ಮೆಲಿಶ್ ಮತ್ತು ರಾಕೆಲ್ ಹಿಕ್ಸ್ ತಾವಾಗಿಯೇ ಇದೇ ಕಾಯಿಲೆಯನ್ನು ಗುರುತಿಸಿದ್ದರು. ಹತ್ತು ವರ್ಷಗಳ ನಂತರ, 1984ರಲ್ಲಿ, ಜಪಾನಿನ ಫುರುಶೊ ಮತ್ತು ಸಂಗಡಿಗರು ಇದಕ್ಕೆ ಮದ್ದು ತೋರಿಸಿಕೊಟ್ಟರು. 1986ರಲ್ಲಿ ಅಮೆರಿಕದ ಜೇನ್ ನ್ಯೂಬರ್ಗರ್ ಮತ್ತು ಸಂಗಡಿಗರು ಅದನ್ನು ದೃಢಪಡಿಸಿದರು. ಆ ಮದ್ದು ಇಮ್ಯುನೊಗ್ಲಾಬ್ಯುಲಿನ್. ಚಿಕಿತ್ಸೆ ಇಲ್ಲದಿದ್ದರೆ ಸುಮಾರು 4 ಮಕ್ಕಳಲ್ಲಿ ಒಬ್ಬರಿಗೆ ಹೃದಯದ ನಾಳ ಕೆಡುತ್ತದೆ. ಜ್ವರ ಶುರುವಾದ 10 ದಿನಗಳೊಳಗೆ ಇದನ್ನು ಕೊಟ್ಟರೆ ಆ ಅಪಾಯ ಸುಮಾರು 20ರಲ್ಲಿ ಒಬ್ಬರಿಗೆ ಇಳಿಯುತ್ತದೆ.

ಗೆಳೆಯರೇ, ಈ ಮದ್ದನ್ನು ಬರೀ ರಾಸಾಯನಿಕಗಳನ್ನು ಬೆರೆಸಿ ಮಾಡಲು ಬರುವುದಿಲ್ಲ. ಸಾವಿರಾರು ದಾನಿಗಳ ರಕ್ತದ ಪ್ಲಾಸ್ಮಾವನ್ನು ಒಟ್ಟುಗೂಡಿಸಿ ಅದರಿಂದ ಇದನ್ನು ಬೇರ್ಪಡಿಸುತ್ತಾರೆ.

ಮತ್ತೆ 2020

ಈಗ ಇಟಲಿಯ ಬೆರ್ಗಾಮೊ ನಗರಕ್ಕೆ ಬರೋಣ. ಕೊರೊನಾ ಯುರೋಪಿನಲ್ಲಿ ಅತ್ಯಂತ ಕ್ರೂರವಾಗಿ ಬಡಿದ ಊರುಗಳಲ್ಲಿ ಇದೂ ಒಂದು. ಅಲ್ಲಿನ ದೊಡ್ಡ ಆಸ್ಪತ್ರೆಗೆ ಅದೇ ಜಿಲ್ಲೆಯಲ್ಲಿ ಹುಟ್ಟಿದ ಪೋಪ್ 23ನೇ ಜಾನ್ ಅವರ ಹೆಸರಿದೆ. ಅದಕ್ಕೂ ಹಿಂದಿನ 5 ವರ್ಷಗಳಲ್ಲಿ ಆ ಆಸ್ಪತ್ರೆಯಲ್ಲಿ ಕವಾಸಾಕಿ ಕಾಯಿಲೆಯ 19 ಮಕ್ಕಳನ್ನು ಕಂಡಿದ್ದರು. 2020ರ ಫೆಬ್ರವರಿ 18ರಿಂದ ಏಪ್ರಿಲ್ 20ರೊಳಗೆ ಅದನ್ನು ಹೋಲುವ ಕಾಯಿಲೆಯ 10 ಮಕ್ಕಳು ಬಂದರು. ಏಪ್ರಿಲ್ ಮಧ್ಯಭಾಗದಲ್ಲಿ ಲಂಡನ್ನಿನಲ್ಲೂ ಹತ್ತೇ ದಿನಗಳಲ್ಲಿ ಇಂಥ 8 ಮಕ್ಕಳು ತೀವ್ರ ನಿಗಾ ಘಟಕ ಸೇರಿದರು. ಮೇ 15ರಂದು ವಿಶ್ವ ಆರೋಗ್ಯ ಸಂಸ್ಥೆ ಜಗತ್ತಿನ ವೈದ್ಯರಿಗೆಲ್ಲ ಇದರ ಲಕ್ಷಣಗಳ ಪಟ್ಟಿ ಕಳಿಸಿತು. ಇದಕ್ಕೆ ಎಂ.ಐ.ಎಸ್.-ಸಿ ಎಂಬ ಹೆಸರು ಬಂತು. ಎಂದರೆ, ಮಕ್ಕಳ ಹಲವು ಅಂಗಗಳನ್ನು ಒಟ್ಟಿಗೇ ಬಾಧಿಸುವ ಉರಿಯೂತ.

ಇವೆರಡೂ ಅಕ್ಕತಂಗಿಯರಂತೆ ಕಂಡರೂ ಒಂದೇ ಅಲ್ಲ. ಕವಾಸಾಕಿ ಕಾಯಿಲೆ ಹೆಚ್ಚಾಗಿ 5 ವರ್ಷದೊಳಗಿನ ಕೂಸುಗಳಿಗೆ ಬರುತ್ತದೆ. ಅದರ ಮೂಲ ಕಾರಣ ಇಂದಿಗೂ ಸಿಕ್ಕಿಲ್ಲ. ಎಂ.ಐ.ಎಸ್.-ಸಿ ಬಂದದ್ದು ಹೆಚ್ಚಾಗಿ ಶಾಲೆಗೆ ಹೋಗುವ ವಯಸ್ಸಿನವರಿಗೆ, ಸೋಂಕಾದ 2ರಿಂದ 6 ವಾರಗಳ ಮೇಲೆ. ವೈರಸ್ಸನ್ನು ಎದುರಿಸಲು ಎದ್ದುನಿಂತ ದೇಹದ ರಕ್ಷಣಾ ಪಡೆ, ಕಾಳಗ ಮುಗಿದ ಮೇಲೂ ಆಯುಧ ಕೆಳಗಿಡದೆ ಸ್ವಂತ ಅಂಗಗಳ ಮೇಲೇ ತಿರುಗಿಬಿದ್ದಂತೆ. ಕವಾಸಾಕಿ ಕಾಯಿಲೆ ಅತಿ ಹೆಚ್ಚು ಇರುವ ಜಪಾನಿನಲ್ಲಿ, ಆ ಮೊದಲ ತಿಂಗಳುಗಳಲ್ಲಿ ಇದು ತೀರಾ ಅಪರೂಪವಾಗಿತ್ತು.

ಆದರೂ ಹಳೆಯ ಅರಿವು ಕೈಹಿಡಿಯಿತು. ಹೃದಯದ ಎಕೋ ಪರೀಕ್ಷೆ ಮಾಡಿಸಬೇಕು, ಇಮ್ಯುನೊಗ್ಲಾಬ್ಯುಲಿನ್ ಕೊಡಬೇಕು, ಅಗತ್ಯವಿದ್ದರೆ ಸ್ಟೀರಾಯ್ಡ್ ಸೇರಿಸಬೇಕು ಎಂಬುದನ್ನು ಸೊನ್ನೆಯಿಂದ ಕಲಿಯಬೇಕಾಗಿ ಬರಲಿಲ್ಲ. ಕವಾಸಾಕಿಯವರ ಮೊದಲ ರೋಗಿಯಿಂದ ಇಂಗ್ಲಿಷ್ ಲೇಖನದವರೆಗೆ 13 ವರ್ಷ ಹಿಡಿದಿತ್ತು. ಈ ಬಾರಿ ಕೆಲವೇ ವಾರಗಳು ಸಾಕಾದವು. ಅಮೆರಿಕದಲ್ಲೇ 9 ಸಾವಿರಕ್ಕೂ ಹೆಚ್ಚು ಮಕ್ಕಳಿಗೆ ಇದು ಬಂತು. ಕೆಲವರನ್ನು ಉಳಿಸಿಕೊಳ್ಳಲಾಗಲಿಲ್ಲ, ಆದರೆ ಬಹುಪಾಲು ಮಕ್ಕಳು ಗುಣವಾದರು. ನಮ್ಮ ದೇಶದಲ್ಲೂ 2020ರಲ್ಲೇ ಚೆನ್ನೈ, ಮುಂಬೈಗಳಿಂದ ವರದಿಗಳು ಬಂದವು. 2021ರ ಎರಡನೇ ಅಲೆಯ ನಂತರ ಇನ್ನೂ ಅನೇಕ ಕಡೆ ಮಕ್ಕಳು ಇದರಿಂದ ಆಸ್ಪತ್ರೆ ಸೇರಿದರು.

ತೊಮಿಸಾಕು ಕವಾಸಾಕಿ 2020ರ ಜೂನ್ 5ರಂದು, 95ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಹೆಸರು ಜಗತ್ತಿನ ಮಕ್ಕಳ ವಾರ್ಡುಗಳಲ್ಲೆಲ್ಲ ಕೇಳಿಬರುತ್ತಿದ್ದ ದಿನಗಳವು.

ನಮಗೇನು?

ಗಡಿನಾಡಿನ ನಮ್ಮ ಎಷ್ಟೋ ಊರುಗಳಿಂದ ದೊಡ್ಡ ಆಸ್ಪತ್ರೆ ದೂರ. ಹಾಗಾಗಿ "ವೈರಲ್ ಇರಬೇಕು, ಎರಡು ದಿನ ನೋಡೋಣ" ಎನ್ನುವುದು ನಮ್ಮ ಮನೆಗಳಲ್ಲಿ ರೂಢಿ. ಮಗುವಿನ ಜ್ವರ ಮೂರು ದಿನ ಕಳೆದರೂ ಇಳಿಯದೆ, ಜೊತೆಗೆ ಕಣ್ಣು, ತುಟಿ ಕೆಂಪಾಗಿ, ದದ್ದು ಎದ್ದಿದ್ದರೆ ಕಾಯುವುದು ಬೇಡ. ಮಗು ತೀರಾ ಸುಸ್ತಾಗಿದ್ದರೆ ಮೂರು ದಿನವೂ ಬೇಡ. ಇತ್ತೀಚೆಗೆ ಮನೆಯಲ್ಲಿ ಯಾರಿಗಾದರೂ ಕೊರೊನಾ ಬಂದಿದ್ದರೆ ಅದನ್ನೂ ವೈದ್ಯರಿಗೆ ಹೇಳೋಣ. ಇನ್ನು, ನಮ್ಮ ಯುವಜನರು ರಕ್ತದಾನ ಶಿಬಿರದಲ್ಲಿ ಸಾಲಾಗಿ ಮಲಗಿದಾಗ ಕೊಡುವ ರಕ್ತ ಅಪಘಾತದ ಗಾಯಾಳುಗಳಿಗಷ್ಟೇ ಅಲ್ಲ, ಅದರ ಪ್ಲಾಸ್ಮಾದಿಂದ ಇಂಥ ಮದ್ದೂ ತಯಾರಾಗುತ್ತದೆ ಎಂಬುದು ನೆನಪಿರಲಿ.

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಬರೆದು, ಮುಂದಿನ ಮಗುವಿಗಾಗಿ ನೆನಪಿಟ್ಟುಕೊಂಡ ಒಬ್ಬ ವೈದ್ಯರಿಂದ ಇಷ್ಟೆಲ್ಲ ಆಯಿತು. ಓದುವಾಗಲೂ ಕೆಲಸ ಮಾಡುವಾಗಲೂ ನಾವು ಅವರಿಂದ ಕಲಿಯಬೇಕಾದ ಪಾಠ ಇದು.