ಬಾಜೂಮನಿ ಹಬ್ಬ: ಹಗಲು-ರಾತ್ರಿ ಸಮ ಆಗೋ ದಿವಸ

ಹೋದ ವರ್ಷ, ಅಂದ್ರ 2025ರಾಗ, ಮಗಳ ಬಾಣಂತನಕ್ಕ ಇಂಗ್ಲಂಡಿಗೆ ಹೋಗಿದ್ನೆಲ್ಲಾ, ಆವಾಗ ನಮ್ಮ ಗ್ರೂಪಿಗೆ ಒಂದು ಫೋಟೋ ಹಾಕಿದ್ದೆ. ಟೇಬಲ್ ಮ್ಯಾಲೆ ಸೇಬು, ಗೋದಿ ತೆನಿ, ಎರಡು ಮೇಣಬತ್ತಿ. ಬಾಜೂಕ ನಾನು, ನನ್ನ ತೊಡಿ ಮ್ಯಾಲೆ ಕೂಸು. ಅದನ್ನ ನೋಡಿ ನಮ್ಮ ಹಿರಿಯರೊಬ್ಬರು ಫೋನ್ ಮಾಡಿ, "ಎರಡು ತಿಂಗಳ ಕೂಸು ಕಟಿಗೊಂಡು ಮಾಟಗಾತಿ ಮನೀಗೆ ಹೋಗಿದ್ದೇನವಾ?" ಅಂತ ಜಬರಿಸಿದ್ರು. ದೂರದಿಂದ ಜಗಳ ಬ್ಯಾಡಂತ ಆವಾಗ ಸುಮ್ಮನಿದ್ದೆ. ಈಗ ಕೂತು ಪೂರ್ತಿ ಹೇಳ್ತೀನಿ.

ಬಾಜೂಮನಿಯಾಕಿ ಐವತ್ತರ ಆಸುಪಾಸಿನ ಹೆಣ್ಣಮಗಳು. ಮಗಳು ದವಾಖಾನಿಯಿಂದ ಬಂದ ಮರುದಿನನ ಒಂದು ದೊಡ್ಡ ಬೋಗುಣಿ ತುಂಬ ಸೂಪ್ ಮಾಡಿ ತಂದುಕೊಟ್ಟಾಕಿ. ಸಪ್ಟೆಂಬರ್ ಬಂತು, "22ಕ್ಕ ಸಂಜೀಕೆ ನಮ್ಮನಿಯೊಳಗ ಹಬ್ಬ ಅದ, ಬರ್ರಿ" ಅಂತ ಕರದ್ಲು. ಯಾವ ಹಬ್ಬ ಅಂದ್ರ "ಮ್ಯಾಬನ್" ಅಂದ್ಲು. ನಾನು ಕೇಳೇ ಇರಲಿಲ್ಲ. ಮಗಳು ಹೇಳಿದ್ಲು: "ಅವ್ವ, ಅಕಿ ಪೇಗನ್. ಚರ್ಚಿಗೆ ಹೋಗಂಗಿಲ್ಲ. ಏಸು ಧರ್ಮ ಬರೋಕಿಂತ ಮೊದಲಿನ ದೇವರು, ಭೂಮಿ, ಸೂರ್ಯ, ಚಂದ್ರ ಅಂತ ನಂಬೋರು. ಆದ್ರ ಅವರ ಹಬ್ಬ ಎಲ್ಲಾ ಇತ್ತೀಚಿಗೆ ಕಟ್ಟಿದ್ದು, ನೀ ಭಾಳ ವಿಚಾರ ಮಾಡಬ್ಯಾಡ."

ನೋಡ್ರಿ ಯೋಗ ಹೆಂಗಿತ್ತು. ಆ ವರ್ಷ ನಮ್ಮ ನವರಾತ್ರಿ ಪಾಡ್ಯಾನೂ ಸಪ್ಟೆಂಬರ್ 22ಕ್ಕನ ಬಂದಿತ್ತು. ಮುಂಜಾನೆ ನಾನು ಮಗಳ ಅಡಗಿಮನ್ಯಾಗ, ಅಂಗಡಿಯಿಂದ ತಂದ ಚೀಲದ ಮಣ್ಣಿನ್ಯಾಗ ಜೋಳ, ಗೋದಿ ಬಿತ್ತಿ ಘಟ್ಟ ಹಾಕಿದ್ದೆ. ಸಂಜೀಕೆ ಅರಿಷಿಣ-ಕುಂಕುಮ ಹಚ್ಚಿಕೊಂಡಾಕಿ ಹಂಗ ಬಾಜೂಮನೀಗೆ ಹೋದೆ.

ಅಕಿ ಮನ್ಯಾಗ ಮಂತ್ರ ಇಲ್ಲ, ತಂತ್ರ ಇಲ್ಲ. ಗ್ವಾಡಿಗೆ ಹಚ್ಚಿ ಒಂದು ಸಣ್ಣ ಟೇಬಲ್. ಅದರ ಮ್ಯಾಲೆ ಅಕಿ ಹಿತ್ತಲದ ಗಿಡದ ಸೇಬು, ಬೇಲಿಯೊಳಗ ಕಿತ್ತು ತಂದ ಬ್ಲ್ಯಾಕ್‌ಬೆರಿ, ಒಂದಿಷ್ಟು ಕಾಯಿ-ಬೀಜ, ಒಣಗಿದ ಗೋದಿ ತೆನಿ, ಅಕಿನ ಸುಟ್ಟ ದುಂಡನ ಬ್ರೆಡ್. ಬಿಳಿ ಮೇಣಬತ್ತಿ ಹಗಲಿಗೆ, ಕರೀದು ರಾತ್ರಿಗೆ. ಸಂಜೀ 7 ಹೊಡದು 19 ನಿಮಿಷಕ್ಕ ಸೂರ್ಯ ಭೂಮಧ್ಯರೇಖೆ ದಾಟ್ತಾನ ಅಂತ ಮೊಬೈಲ್‌ನ್ಯಾಗ ನೋಡಿ, ಸರಿಯಾಗಿ ಆ ಹೊತ್ತಿಗೆ ಎರಡೂ ಬತ್ತಿ ಹಚ್ಚಿದ್ಲು. ಸೂರ್ಯ ಮುಳುಗಿ ಆಗಲೇ ಇಪ್ಪತ್ತು ನಿಮಿಷ ಆಗಿತ್ತು. ಸೇಬನ್ನ ನಾವು ಹೆಚ್ಚೋಹಂಗ ಉದ್ದಕ ಹೆಚ್ಚಲಿಲ್ಲ, ಅಡ್ಡ ಕೊಯ್ದ್ಲು. ನಡುವ ಬೀಜದ ಮನಿ ಐದು ಮೂಲಿ ಚುಕ್ಕಿ ಹಂಗ ಕಾಣ್ತು! ಅರವತ್ತು ವರ್ಷ ಸೇಬು ತಿಂದೀನಿ, ಒಂದು ದಿನಾನೂ ನೋಡಿರಲಿಲ್ಲ. ನೀವೂ ಕೊಯ್ದು ನೋಡ್ರಿ.

ಆಮ್ಯಾಲೆ ಒಬ್ಬೊಬ್ಬರು ಈ ವರ್ಷ ಕೈಗೆ ಬಂದದ್ದು ಒಂದು, ಕೈಬಿಟ್ಟು ಹೋದದ್ದು ಒಂದು ಹೇಳಬೇಕು. ನಾನು ಮೊಮ್ಮಗಳ ಹೆಸರು ಹೇಳಿದೆ. ಕೈಬಿಟ್ಟದ್ದು ಏನಂತ ಹೇಳ್ಲಿಕ್ಕೆ ಆಗಲಿಲ್ಲ, ಅಕಿ ಒತ್ತಾಯ ಮಾಡಲಿಲ್ಲ. ಅಕಿ ಅಂದದ್ದು ಇಷ್ಟ: ಎರಡು ದಿನದ ಹಿಂದ, ಶನಿವಾರ, ಇದ್ದೊಬ್ಬ ಮಗ ಕಾಲೇಜಿಗೆ ಬ್ಯಾರೆ ಊರಿಗೆ ಹೋದ. ಬ್ರೆಡ್ಡಿನ ಮೊದಲನೇ ತುಣುಕು ಹೊರಗ ಒಯ್ದು ಹಕ್ಕಿಗೆ ಇಟ್ಟು ಬಂದ್ಲು. ಹಬ್ಬ ಮುಗೀತು.

ಊಟ ಮಾಡ್ತ ನಾನು ಕೇಳಿದೆ, "ಈ ಹಬ್ಬ ಎಷ್ಟು ವರ್ಷದಿಂದ ನಡಕೊಂಡು ಬಂದದ?" ಸಾವಿರಾರು ವರ್ಷ ಅಂತಾಳ ಅಂತ ತಿಳ್ಕೊಂಡಿದ್ದೆ. ಅಕಿ ನಕ್ಕೋತ, "ಹೆಸರಿಗೆ ಈಗ 51" ಅಂದ್ಲು. ಅಂದ್ರ ನನಗಿಂತ ಸಣ್ಣದು! ನನ್ನ ಮದುವಿ ಇಳಕಲ್ಲ ಸೀರಿಗಿಂತ ಹತ್ತು ವರ್ಷ ದೊಡ್ಡದು, ಅಷ್ಟ.

ಆ ರಾತ್ರಿ ಅಕಿ ಹೇಳಿದ್ದು, ಮುಂದ ಕೂಸು ಮಲಗಿದಾಗ ನಾನು ಓದಿ ತಿಳ್ಕೊಂಡದ್ದು, ಎರಡೂ ಕೂಡಿಸಿ ಹೇಳ್ತೀನಿ.

1974ರಾಗ ಅಮೆರಿಕಾದ ಕ್ಯಾಲಿಫೋರ್ನಿಯಾದಾಗ ಏಡನ್ ಕೆಲಿ ಅನ್ನೋರು ಪೇಗನ್ ಮಂದಿ ಸಲುವಾಗಿ ಒಂದು ಪಂಚಾಂಗ ಮಾಡ್ಲಿಕ್ಕೆ ಕೂತಿದ್ರು. ವರ್ಷಕ್ಕ ಎಂಟು ಹಬ್ಬ. ಕೆಲವಕ್ಕ ಛೊಲೊ ಹಳೇ ಹೆಸರು ಇದ್ವು, ಈ ಸಪ್ಟೆಂಬರಿನ ಹಬ್ಬಕ್ಕ ಮಾತ್ರ "ಶರತ್ಕಾಲದ ಸಮರಾತ್ರಿ" ಅನ್ನೋ ಲೆಕ್ಕದ ಪುಸ್ತಕದ ಹೆಸರು. ಅವರಿಗೆ ಅದು ಸೇರಲಿಲ್ಲ. ಗ್ರೀಸ್ ದೇಶದಾಗ ಹಿಂದಕ ಇದ ಸುಮಾರಿನ್ಯಾಗ ಎಲ್ಯುಸಿಸ್ ಅನ್ನೋ ಊರಾಗ ತಾಯಿ ಡಿಮೀಟರ್, ಪಾತಾಳಕ್ಕ ಹೋದ ಮಗಳು ಪರ್ಸೆಫನಿ, ಇವರ ದೊಡ್ಡ ಉತ್ಸವ ಆಗ್ತಿತ್ತು. ಅದಕ್ಕ ಜೋಡಿ ಆಗೋ ಕಥಿ ಬ್ರಿಟನ್ ಕಡೆ ಎಲ್ಲೆ ಅದ ಅಂತ ಹುಡುಕಿ, ವೇಲ್ಸ್ ದೇಶದ ಹಳೇ ಕಥಿಯೊಳಗಿಂದ ಮ್ಯಾಬನ್ ಅನ್ನೋ ಹೆಸರು ತೆಗದ್ರು. "ಗ್ರೀನ್ ಎಗ್" ಅನ್ನೋ ಪತ್ರಿಕಾದಾಗ ಅದು ಬಂತು, ಮಂದಿ ಹಿಡಕೊಂಡ್ರು.

ಮತ್ತ ಎಂಟು ಹಬ್ಬದ ಚಕ್ರ ಯಾರದು? ಅದಕ್ಕ ಇಂಗ್ಲಂಡಿಗೆ ಬರಬೇಕು. ಮೊದಲ ಅಲ್ಲೆ ಮಾಟಗಾತಿ ಅಂತ ಸಾಬೀತು ಮಾಡಿದ್ರ ಗಲ್ಲಿಗೆ ಹಾಕತಿದ್ರು, ಹಂಗ ಸತ್ತವರೊಳಗ ಹೆಣ್ಣಮಕ್ಕಳೇ ಹೆಚ್ಚು. 1735ರಾಗ ಕಾಯ್ದೆ ಬದಲಾಗಿ, ಮಾಟ ಅನ್ನೋದೇ ಸುಳ್ಳು, ಬರ್ತದ ಅಂತ ಹೇಳ್ಕೊಂಡು ಮೋಸ ಮಾಡಿದ್ರ ಜೈಲು ಅಂತಾತು. ಆ ಕಾಯ್ದೇನೂ 1951ರಾಗ ಹೋತು. ಆಮ್ಯಾಲೆ 1954ಕ್ಕ ಜೆರಾಲ್ಡ್ ಗಾರ್ಡ್ನರ್ ಅನ್ನೋ ನಿವೃತ್ತ ಅಧಿಕಾರಿ ಪುಸ್ತಕ ಬರದು, ಹಳೇ ಧರ್ಮ ಇನ್ನೂ ಜೀವಂತ ಅದ ಅಂತ ಹೇಳಿದ್ರು. ಅದಕ್ಕ ಮುಂದ ವಿಕ್ಕಾ ಅಂತ ಹೆಸರಾತು. ಲಂಡನ್ ಬಡಗಣ ದಿಕ್ಕಿಗೆ ಬ್ರಿಕೆಟ್ ವುಡ್ ಅಂತ ಒಂದು ಜಾಗಾ. ಅಲ್ಲಿದ್ದ ಅವರ ಗುಂಪಿನವರು 1958ರಾಗ, ಹಗಲು-ರಾತ್ರಿ ಸಮ ಆಗೋ ದಿವಸಕ್ಕೂ ಬಾಕಿ ದೊಡ್ಡ ಹಬ್ಬದಷ್ಟ ಮರ್ಯಾದಿ ಕೊಡೋಣ ಅಂತ ಠರಾಯಿಸಿದ್ರು. 1988ರಾಗ ಸ್ಕಾಟ್ ಕನಿಂಗ್‌ಹ್ಯಾಮ್ ಅನ್ನೋ ಅಮೆರಿಕಾದವರು, ಗುಂಪು-ಗುರು ಯಾರೂ ಇಲ್ಲದ ಒಬ್ಬೊಬ್ಬರೇ ಮನ್ಯಾಗ ಮಾಡ್ಕೊಳ್ಳೋ ಕ್ರಮ ಪುಸ್ತಕ ಮಾಡಿದ್ರು. ನಮ್ಮ ಬಾಜೂಮನಿಯಾಕಿ ಟೇಬಲ್ ಆ ಸಾಲಿನದು. 2021ರ ಜನಗಣತಿಯೊಳಗ ಇಂಗ್ಲಂಡ್ ಮತ್ತ ವೇಲ್ಸಿನ್ಯಾಗ ಸುಮಾರು 74,000 ಮಂದಿ ತಮ್ಮ ಧರ್ಮ ಪೇಗನ್ ಅಂತ, 13,000 ಮಂದಿ ವಿಕ್ಕಾ ಅಂತ ಬರಸ್ಯಾರ.

ಇನ್ನೂ ಹಿಂದಕ ಹೋದ್ರ ಒಬ್ಬ ಮಜಾ ಮನುಷ್ಯಾ ಸಿಗ್ತಾನ. ಎಡ್ವರ್ಡ್ ವಿಲಿಯಮ್ಸ್, ವೇಲ್ಸಿನಂವ, ಕಲ್ಲು ಕೆತ್ತೋ ಕೆಲಸದಂವ, ಕವಿ. ಅಯೋಲೋ ಮೋರ್ಗಾನುಗ್ ಅಂತ ಹೆಸರು ಇಟ್ಕೊಂಡಿದ್ದ. ಅಂವ 1792ರಾಗ ಲಂಡನ್ನಿನ ಪ್ರಿಮ್‌ರೋಸ್ ಹಿಲ್ ಅನ್ನೋ ಗುಡ್ಡದ ಮ್ಯಾಲೆ ವೇಲ್ಸಿನ ಕವಿಗಳನ್ನ ಕೂಡಿಸಿ, ಸಣ್ಣ ಹರಳು ಉಂಗರದಾಗ ಇಟ್ಟು ಸಭಾ ಮಾಡಿದ. ಆ ವರ್ಷದ ಒಂದು ಸಭಾ ಕೂಡಿದ್ದು ಸಪ್ಟೆಂಬರ್ 22ಕ್ಕ, ಸಮರಾತ್ರಿ ದಿವಸನ! ಹಳೇ ಪದ್ಧತಿ ಪ್ರಕಾರ ನಡೀತು ಅಂತ ಆವಾಗಿನ ಪತ್ರಿಕಾದಾಗ ಅಚ್ಚೂ ಆತು. ಖರೇ ಅಂದ್ರ ಆ ಪದ್ಧತಿ ಎಲ್ಲಾ ಅಂವನ ತಲಿಯೊಳಗಿಂದ ಬಂದದ್ದು. ತಾನ ಬರದು, ಹಳೇ ಓಲಿ ಸಿಕ್ಕದ ಅಂತ ಮಂದಿಗೆ ತೋರಸ್ತಿದ್ದ. ಅಂವ ಸತ್ತು ಎಷ್ಟೋ ವರ್ಷ ಆದಮ್ಯಾಲೆ ಪಂಡಿತರು ಅದನ್ನ ಪತ್ತೆ ಹಚ್ಚಿದ್ರು.

ಹಂಗಾದ್ರ ಹಳೇದು ಏನೂ ಇಲ್ಲೇನು? ಅದ. ಆದ್ರ ಅದು ತಾರೀಖಿನ ಹಬ್ಬ ಅಲ್ಲ, ಕೆಲಸದ ಹಬ್ಬ. ಇಂಗ್ಲಂಡಿನ ಹಳ್ಳಿಯೊಳಗ ಗೋದಿ ಕೊಯ್ಲಾಗಿ ಕಡೀ ಗಾಡಿ ಮನೀಗೆ ಬಂದ ದಿವಸ "ಹಾರ್ವೆಸ್ಟ್ ಹೋಮ್" ಮಾಡತಿದ್ರು. ಅದು ಬೆಳಿ ಮ್ಯಾಲೆ, ಮಳಿ ಮ್ಯಾಲೆ ಇತ್ತು, ಸೂರ್ಯನ ಮ್ಯಾಲಲ್ಲ. ಗಾಡಿಗೆ ಹೂವು-ತಪ್ಪಲಾ ಕಟ್ಟಿ ಕೂಗ್ಕೋತ ಬರೋದು, ಕಡೀ ಸೂಡು ತೆನಿಯಿಂದ ಹೆಣ್ಣಗೊಂಬಿ ಮಾಡೋದು, ಹೊಲದ ಒಡ್ಯಾ ಎಲ್ಲಾ ಆಳುಗಳಿಗೆ ಊಟಕ್ಕ ಹಾಕೋದು. ಮಶೀನು ಬಂದು ಆಳು ಕಮ್ಮಿ ಆದಂಗ ಅದೂ ಕಮ್ಮಿ ಆತು. 1843ರಾಗ ಕಾರ್ನ್‌ವಾಲಿನ ಮೋರ್ವೆನ್‌ಸ್ಟೋ ಅನ್ನೋ ಹಳ್ಳಿ ಪಾದ್ರಿ ರಾಬರ್ಟ್ ಹಾಕರ್, ಹೊಸ ಗೋದಿ ರೊಟ್ಟಿ ಇಟ್ಟು ಚರ್ಚಿನ್ಯಾಗ ಸುಗ್ಗಿ ಪ್ರಾರ್ಥನಾ ಮಾಡಿಸಿದ್ರು. ಇವತ್ತು ಅಲ್ಲಿ ಚರ್ಚು, ಸಾಲಿಯೊಳಗ ಆಗೋ ಸುಗ್ಗಿ ಹಬ್ಬ ಬೆಳದದ್ದು ಅಲ್ಲಿಂದ. ಅದಕ್ಕೂ ಇನ್ನೂ ಎರಡು ನೂರು ವರ್ಷ ಆಗಿಲ್ಲ. ಸಮರಾತ್ರಿಗೆ ಹತ್ತಿರದ ಹಳೇ ಹಬ್ಬ ಅಂದ್ರ ಸಪ್ಟೆಂಬರ್ 29ರ ಮೈಕೆಲ್‌ಮಸ್. ಅವತ್ತು ಹೊಲದ ಬಾಡಗಿ ಕೊಡಬೇಕು, ಬಾತುಕೋಳಿ ಜಾತಿಯ ದೊಡ್ಡ ಹಕ್ಕಿ ಅಡಗಿ ಮಾಡಬೇಕು. ಅದು ದಾಟಿದ ಮ್ಯಾಲೆ ಬ್ಲ್ಯಾಕ್‌ಬೆರಿ ಕೀಳಬಾರದು, ಸೈತಾನ ಉಗುಳಿರ್ತಾನ ಅಂತಾರ. ನಮ್ಮ ಬಾಜೂಮನಿಯಾಕಿ ಪೇಗನ್ ಆದ್ರೂ ಆ ಮಾತು ಮೀರಂಗಿಲ್ಲ!

ಈಗ ಆ ಮ್ಯಾಬನ್ ಕಥಿ. ಹುಟ್ಟಿ ಮೂರ ರಾತ್ರಿಯ ಕೂಸು ತಾಯಿ ಮಗ್ಗಲಿನಿಂದ ಕಾಣಂಗಾಗ್ತದ. ಎಲ್ಲೆ ಹೋತು, ಬದುಕ್ಯದೋ ಇಲ್ಲೋ, ಯಾರಿಗೂ ಗೊತ್ತಿಲ್ಲ. ರಾಜಾ ಆರ್ಥರನ ಮಂದಿ ಹುಡುಕ್ಕೋತ ಕರೀ ಹಕ್ಕಿ, ಸಾರಂಗ, ಗೂಗಿ, ಗರುಡ ಹಿಂಗ ಒಂದಕ್ಕಿಂತ ಒಂದು ಹಳೇ ಪ್ರಾಣಿಗಳನ್ನ ಕೇಳ್ತಾರ. ಕಡೀಕೆ ಎಲ್ಲಾರಕಿಂತ ಹಿರಿಯ ಸಾಲ್ಮನ್ ಮೀನು, ಗ್ಲಾಸ್ಟರ್ ಊರಿನ ಸೆರಿಮನಿ ಗ್ವಾಡಿ ಹಿಂದ ಅಳೋ ಧ್ವನಿ ಕೇಳೇನಿ ಅಂತ ಹೇಳಿ, ಇಬ್ಬರನ್ನ ಹೆಗಲ ಮ್ಯಾಲೆ ಕೂಡಿಸ್ಕೊಂಡು ಒಯ್ತದ. ಮ್ಯಾಬನ್ ಅಂದ್ರ "ಮಗ". ತಾಯಿ ಹೆಸರು ಮೋಡ್ರನ್, ಅಂದ್ರ "ತಾಯಿ". ಹೆಸರೂ ಇಲ್ಲದ ತಾಯಿ-ಮಗ. ಈ ಕಥಿಗೂ ಸಮರಾತ್ರಿಗೂ ಹಳೇ ಸಂಬಂಧ ಏನೂ ಇಲ್ಲ, 1974ರಾಗ ಗಂಟು ಹಾಕಿದ್ದು.

ಈ ಕಥಿಗಳನ್ನ 1838ರಿಂದ 1849ರ ನಡುವ ಇಂಗ್ಲಿಷಿಗೆ ತಂದು ಜಗತ್ತಿಗೆ ತಿಳಿಸಿದಾಕಿ ಲೇಡಿ ಶಾರ್ಲೆಟ್ ಗೆಸ್ಟ್. ಹತ್ತು ಮಕ್ಕಳ ತಾಯಿ ಅಕಿ. ಗಂಡನ ಕಬ್ಬಿಣದ ಕಾರಖಾನಿ ಲೆಕ್ಕಾಪತ್ರನೂ ನೋಡ್ಕೋತಿದ್ಲು. ನಾವು ಒಂದು ಕೂಸಿನ ಬಾಣಂತನದಾಗ ಸುಸ್ತು ಅಂತೀವಿ.

ಈಗ ಹೇಳ್ರಿ, ಇದನ್ನೆಲ್ಲಾ ತಿಳ್ಕೊಂಡು "ಸುಳ್ಳ ಹಬ್ಬ" ಅನ್ನಬೇಕೇನು? ನನಗ ಹಂಗ ಅನಸಲಿಲ್ಲ. ಅಲ್ಲೆ ಇದ್ದು ನೋಡಿದ್ರ ಗೊತ್ತಾಗ್ತದ. ನಮ್ಮ ಧಾರವಾಡದಾಗ ದೊಡ್ಡ ಹಗಲಿಗೂ ಸಣ್ಣ ಹಗಲಿಗೂ ಎರಡು ತಾಸಿನಷ್ಟೂ ಫರಕ ಇಲ್ಲ. ಲಂಡನ್ ಕಡೆ ಜೂನಿನ್ಯಾಗ ಹದಿನಾರೂವರಿ ತಾಸು ಹಗಲು, ಡಿಸೆಂಬರಿನ್ಯಾಗ ಎಂಟು ತಾಸೂ ಪೂರ್ತಿ ಇಲ್ಲ. ಸಪ್ಟೆಂಬರ್ ಕಡೀಕೆ ದಿನಾ ನಾಕು ನಿಮಿಷದಂಗ ಹಗಲು ಕರಗ್ತದ. ಒಂದು ವಾರದಾಗ ಅರ್ಧಾ ತಾಸು ಹೋದಂಗ. ಕೂಸಿನ ಅರಿವಿ ಹೊರಗ ಒಣಗೋದು ನಿಂತು, ಮಗಳು ನಾಕು ಗಂಟೇಕ ದೀಪ ಹಚ್ಚೋ ದಿವಸ ಬರ್ತಾವಂತ ನನಗೂ ಹೆದರಿಕಿ ಹತ್ತಿತ್ತು. ಅಂಥಾ ಕಡೆ ಇನ್ನ ಮುಂದ ಕತ್ತಲಿ ಹೆಚ್ಚು ಅಂತ ಒಪ್ಪಿಕೊಂಡು, ಇದ್ದದ್ದನ್ನ ಟೇಬಲ್ ಮ್ಯಾಲೆ ಇಟ್ಟು ಎಣಿಸೋದು ಖರೇನ ಬೇಕಾಗ್ತದ. ಅದರಾಗೂ ಮಗ ಮನಿ ಬಿಟ್ಟು ಹೋದ ವಾರದಾಗ ತಾಯಿ-ಮಗನ ಹೆಸರಿನ ಹಬ್ಬ ಅಕಿಗೆ ಹಳೇದಾಗಿರಲಿ ಹೊಸದಾಗಿರಲಿ ಏನ ಆಗಬೇಕು?

ಹೊಸಾ ಹಬ್ಬ ಕಟ್ಟೋದು ತಪ್ಪಲ್ಲ. ನಮ್ಮ ಓಣಿ ಓಣಿಯೊಳಗ ಕೂಡೋ ಸಾರ್ವಜನಿಕ ಗಣಪತಿನ ಲೋಕಮಾನ್ಯ ಟಿಳಕರು ಪುಣೆದಾಗ 1893ಕ್ಕ ಬೆಳೆಸಿದ್ದು, ಅದರಿಂದ ಗಣಪ್ಪಗೇನೂ ಕಮ್ಮಿ ಆಗಿಲ್ಲ. ತಪ್ಪು ಆಗೋದು ಅಯೋಲೋ ಮಾಡಿದ್ರಾಗ, ನಿನ್ನೆ ಕಟ್ಟಿದ್ದನ್ನ ಸಾವಿರ ವರ್ಷದ್ದು ಅಂತ ಹೇಳೋದ್ರಾಗ. ನಾನೂ ಮಕ್ಕಳಿಗೆ ಪ್ರತಿಯೊಂದಕ್ಕೂ "ಅನಾದಿಕಾಲದಿಂದ ಬಂದದ" ಅಂತ ಹೇಳಿ ಬಾಯಿ ಮುಚ್ಚಿಸಿದಾಕಿ. ಬಾಜೂಮನಿಯಾಕಿ ನಕ್ಕೋತ "51" ಅಂದಾಗ ನನಗ ನಾಚಿಕಿ ಬಂತು.

ಜಬರಿಸಿದ ಹಿರಿಯರಿಗೆ ನನ್ನ ಉತ್ತರ ಇಷ್ಟ: ನಾನು ಹೋದದ್ದು ಮಗನ್ನ ಕಳಿಸಿ ಒಬ್ಬಾಕೆ ಉಳಿದ ತಾಯಿ ಮನೀಗೆ. ಮಾಟಗಾತಿ ಅನ್ನೋ ಶಬ್ದಕ್ಕ ಎಷ್ಟು ಹೆಣ್ಣಮಕ್ಕಳು ಜೀವ ಕೊಟ್ಟಾರ ಅಂತ ಗೊತ್ತಾದ ಮ್ಯಾಲೆ ಆ ಶಬ್ದ ನನ್ನ ಬಾಯಾಗ ಬರಂಗಿಲ್ಲ.

ಅಕ್ಟೋಬರ್ 2ಕ್ಕ ದಸರಾ. ಘಟ್ಟದ ಸಸಿ ಚೀಲದ ಮಣ್ಣಿನ್ಯಾಗೂ ಗೇಣುದ್ದ ಬಂದಿದ್ವು. ಮಗಳಿಗೆ, ಕೂಸಿಗೆ ಮುಡಿಸಿ, ಒಂದು ಚೂರು ಬಾಜೂಮನಿಯಾಕಿಗೂ ಒಯ್ದು ಕೊಟ್ಟೆ. "ಇದು ಎಷ್ಟು ವರ್ಷದ್ದು?" ಅಂತ ಕೇಳಿದ್ಲು. ನಮ್ಮವ್ವ ಮಾಡತಿದ್ಲು, ಅವರವ್ವ ಮಾಡತಿದ್ಲು, ಅಷ್ಟ ಗೊತ್ತದ ಅಂದೆ. ಅಕಿ ಅದನ್ನ ಮಗನ ಫೋಟೋಕ್ಕ ಸಿಗಿಸಿದ್ಲು.